ಎದ್ದರೆ ಜಾಗ ಹೋದೀತು

ಚಿತ್ತಾಪುರದ ಬಸ್ ನಿಲ್ದಾಣದ ಎದುರು ಅನಸುಬಾಯಿ ಮಜ್ಜಿಗೆ ಮಾರುತ್ತಾಳೆ. ಮುಂಗೋಪಿ, ಒರಟು ಬಾಯಿ. ಗಂಡ ಕಲ್ಲಿನ ಗಣಿಯಲ್ಲಿ ಸತ್ತ ಮೇಲೆ ಅವಳ ಮನೆ ಸಾಕಿದ್ದು ಅಲ್ಲಿನ ಬೇವಿನ ಮರ. ಮರದಡಿ ಹಾಸಿದ ಪರಸಿ ಚಪ್ಪಡಿಗಳು ಬಿಸಿಲು ಸರಿದ ಮೇಲೂ ಕಾದ ಹಂಚಿನಂತೆ ಸುಡುತ್ತವೆ. ಅವಳು ನೀರು ಹೊಡೆದು, ಒದ್ದೆ ಗೋಣಿತಟ್ಟು ಹಾಸುತ್ತಾಳೆ. ಅಲ್ಲಿ ಕುಳಿತವರು ಮಜ್ಜಿಗೆ ಕುಡಿಯದೆ ಇರುವುದಿಲ್ಲ. ಎದ್ದರೆ ಜಾಗ ಹೋಯಿತೆಂದೇ ಲೆಕ್ಕ. ನೆರಳು ಸರಿದಂತೆ ಮಂದಿ ಕುಳಿತೇ ಸರಿಯುತ್ತಾರೆ. ಸೇಡಂ ಬಸ್ಸು ಬಂದರೂ ಕಂಡಕ್ಟರ್ ಸೀಟಿ ಊದುವ ತನಕ ಕದಲುವುದಿಲ್ಲ.

ಪಕ್ಕದಲ್ಲಿ ಸಿದ್ದಲಿಂಗೇಶನ ಕೂಲ್‌ಡ್ರಿಂಕ್ಸ್ ಅಂಗಡಿ. ಹೊಸದಾಗಿ ತಗಡಿನ ಚಪ್ಪರ ಹಾಕಿಸಿ ಕುರ್ಚಿ ಇಟ್ಟಿದ್ದ. ಮೇ ತಿಂಗಳಲ್ಲಿ ಆ ತಗಡಿನಡಿ ಯಾರು ಬೇಯುತ್ತಾರೆ? ಕುರ್ಚಿಗಳು ಖಾಲಿ. ಪುಣ್ಯಾತ್ಮನಿಗೆ ತಗಡು ತೆಗೆಸುವ ಬುದ್ಧಿ ಬರಲಿಲ್ಲ, ಮರ ಕಡಿಯುವ ಬುದ್ಧಿ ಬಂತು.

ಒಂದು ಮಧ್ಯಾಹ್ನ ಕೊಡಲಿ ಹಿಡಿದು ತಾನೇ ಬಂದ. ಇಳಿಬಿಸಿಲನ್ನು ತಡೆಯುತ್ತಿದ್ದ ಪಡುವಣದ ದೊಡ್ಡ ಟೊಂಗೆಗೆ ಮೊದಲ ಏಟು ಹಾಕಿದ. ಅನಸುಬಾಯಿ ಅಡ್ಡ ನಿಂತಳು.

“ಟೊಂಗಿಗೆ ಕೈ ಹಚ್ಚಬ್ಯಾಡ್ರಿ ಸಾವಕಾರ. ನನ್ನ ಹೊಟ್ಟಿ ಅದ ಇದರ ಮ್ಯಾಲ.”

“ಮಂದೀನೆಲ್ಲ ನೀನೇ ಹಿಡಕೊಂಡು ಕುಂತ್ರ ನಾನೇನು ನೊಣ ಹೊಡೀಲೇನು? ಸರಿ ಅತ್ಲಾಗ.”

ಅವಳು ಸರಿಯಲಿಲ್ಲ. ಅವನು ಮತ್ತೆ ಕೊಡಲಿ ಎತ್ತಿದಾಗ ಮಜ್ಜಿಗೆಯ ಗಡಿಗೆಯನ್ನೇ ಅವನ ತಲೆಗೆ ಒಡೆದಳು. ಅವನು ಕೊಡಲಿಯ ಕಾವಿನಿಂದ ಅವಳ ಮುಂಗೈಗೆ ಬಾರಿಸಿದ. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಬಿದ್ದವಳ ಪಕ್ಕೆಗೆ ಒದ್ದ, ಮತ್ತೆ ಒದ್ದ.

“ಬಿಡ್ರಿ ಸಾವಕಾರ, ಹೆಣ್ಮಗಳು” ಎಂದವರಿದ್ದರು, ಕುಳಿತಲ್ಲಿಂದಲೇ. ಒಬ್ಬರೂ ಏಳಲಿಲ್ಲ. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅವನು ಕಡಿಯುತ್ತಲೇ ಹೋದ. ಟೊಂಗೆ ರಸ್ತೆಗೆ ಉರುಳಿತು. ಕುಳಿತವರ ಮುಖಕ್ಕೆ ಬಿಸಿಲು ಬಡಿಯಿತು.

ಆಗ ಎಲ್ಲರೂ ಒಟ್ಟಿಗೆ ಎದ್ದರು. ಚಪ್ಪಲಿ, ಕಲ್ಲು, ಅವನದೇ ಕುರ್ಚಿ, ಕೈಗೆ ಸಿಕ್ಕಿದ್ದರಲ್ಲಿ ಬಡಿದರು. ಹಲ್ಲು ಉದುರಿದವು, ಕಿವಿ ಹರಿಯಿತು. ಮನೆಯವರು ಬಂದು ರಕ್ತ ಸೋರುತ್ತಿದ್ದವನನ್ನು ಎಳೆದುಕೊಂಡು ಹೋದರು.

“ಬಾರಬೇ ಯಕ್ಕಾ, ನೀನೂ ಎರಡು ಹಾಕು” ಎಂದು ಅವನ ಹಿಂದೆ ಓಡುತ್ತಿದ್ದವನೊಬ್ಬ ಕರೆದ.

ಜೋತಾಡುವ ಕೈಯನ್ನು ಎದೆಗೆ ಒತ್ತಿಕೊಂಡಿದ್ದ ಅನಸುಬಾಯಿ ತಲೆ ಎತ್ತಿದಳು. “ನನ್ನ ಕೈ ಮುರದಾಗ ಕುಂತೇ ಇದ್ರಲ್ಲ” ಎಂದಳು, ಅಷ್ಟೇ.

ದವಾಖಾನೆಗೆ ಒಯ್ಯಲು ಆಟೋ ಬಂತು. “ಅಕಿ ಜೋಡಿ ಯಾರು ಬರ್ತೀರಿ?” ಎಂದು ಡ್ರೈವರ್ ಕೇಳಿದ. ಉಳಿದ ನೆರಳಿನಲ್ಲಿ ಎಲ್ಲರೂ ಆಗಲೇ ಒತ್ತರಿಸಿಕೊಂಡು ಕುಳಿತಿದ್ದರು.