ವಲ್ಲಿಯ ಕೆಳಗಿನ ಕೈ

ದೀಪಾವಳಿಗೆ ಬಂದ ಅಳಿಯ ಹೊಸ ಇಸ್ಪೀಟ್ ಕಟ್ಟೊಂದನ್ನು ತಂದಿದ್ದ. ಮೇಲಿನ ಹಾಳೆ ಹರಿದು ಎಲೆ ಕಲಸತೊಡಗಿದಾಗ ಮೇಣ, ಬಣ್ಣ, ಹೊಸ ಪ್ಲಾಸ್ಟಿಕ್ ಎಲ್ಲ ಬೆರೆತ ಒಂದು ವಾಸನೆ ಪಡಸಾಲೆಗೆ ಬಂತು. ಮೊಮ್ಮಕ್ಕಳು ಗದ್ದಲ ಹಾಕುತ್ತಿದ್ದರು. ನಾನು ಬೈಲಹೊಂಗಲದ ನನ್ನ ಮನೆಯಲ್ಲಿ ಕುಳಿತುಕೊಂಡೇ ಗೋವಾದ ಒಂದು ದೊಡ್ಡ ಜೂಜಿನ ಬೋಟಿನೊಳಗೆ ಹೋಗಿಬಿಟ್ಟೆ. ಅಲ್ಲಿಯೂ ಇದೇ ವಾಸನೆ ಇತ್ತು...

ನೆನಪಿಗೆ ಬಂದವರು ದನದ ಸಂತೆಯ ದಲ್ಲಾಳಿ ಕಾಕಾ. ಅವರ ಹೆಸರು ಬರೆಯುವುದಿಲ್ಲ. ಏಕೆಂಬುದು ಓದುತ್ತ ಹೋದರೆ ತಿಳಿಯುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನನ್ನದು ಸಂಶಯದ ಸ್ವಭಾವ. ದನದ ದವಾಖಾನೆಯ ಕಂಪೌಂಡರ್ ಆಗಿ ರಾಮದುರ್ಗ, ಸವದತ್ತಿ, ಕೊನೆಗೆ ಬೈಲಹೊಂಗಲ ಅಂತ ಇಡೀ ಸರ್ವಿಸ್ ಕಳೆದವನು ನಾನು. ಮುದಿ ಎತ್ತಿನ ಹಲ್ಲನ್ನು ಅರದಿಂದ ಉಜ್ಜಿ ಹರೆಯದ್ದೆಂದು ಮಾರುವವರು, ಕೆಚ್ಚಲು ದಪ್ಪ ಕಾಣಲೆಂದು ಎರಡು ಹೊತ್ತು ಹಾಲು ಹಿಂಡದೆ ಆಕಳನ್ನು ಸಂತೆಗೆ ಹೊಡೆದುಕೊಂಡು ಬರುವವರು, ಇಂಥವರ ನಡುವೆಯೇ ನನ್ನ ಜೀವನ ಹೋಯಿತು. ಸಂಶಯ ಪಡದೆ ಇನ್ನೇನು ಮಾಡಲಿ? ನನ್ನ ಹೆಂಡತಿ ಈಗಲೂ, "ನಿಮಗ ದೇವ್ರು ಬಂದು ಎದುರಿಗಿ ನಿಂತ್ರೂ ಆಧಾರ್ ಕಾರ್ಡ ಕೇಳತೀರಿ" ಎನ್ನುತ್ತಾಳೆ.

ತೊಂಬತ್ತರ ದಶಕದಲ್ಲಿ ನಾನು ಬೈಲಹೊಂಗಲಕ್ಕೆ ಬಂದಾಗ ಆ ಸಂತೆಗೆ ಕಾಕಾನೇ ರಾಜ. ನಮ್ಮ ಕಡೆ ಎತ್ತಿನ ವ್ಯವಹಾರ ಬಾಯಿಂದ ಆಗುವುದಿಲ್ಲ. ದಲ್ಲಾಳಿ ತನ್ನ ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹೊದಿಸುತ್ತಾನೆ. ಆ ಟವೆಲ್ಲಿನ ಕೆಳಗೆ ಮೊದಲು ಮಾರುವವನ ಕೈ ಬರುತ್ತದೆ, ಆಮೇಲೆ ಕೊಳ್ಳುವವನ ಕೈ. ಎಷ್ಟು ಬೆರಳು ಹಿಡಿದರೋ ಅಷ್ಟು ದರ. ಸುತ್ತ ನಿಂತ ನೂರು ಮಂದಿಗೆ ಕಾಣುವುದು ಬರೀ ಟವೆಲ್ಲು ಮತ್ತು ಮೂರು ಮುಖ. ದಲ್ಲಾಳಿಯ ಮುಖದ ಮೇಲೆ ಒಂದು ಗೆರೆ ಅಲುಗಿದರೂ ದರ ಹೊರಬಿದ್ದಂತೆ. ಕಾಕಾನ ಮುಖ ಅಲುಗಿದ್ದನ್ನು ಯಾರೂ ಕಂಡಿರಲಿಲ್ಲ. ಸಂಗೊಳ್ಳಿ, ಮುನವಳ್ಳಿ ಕಡೆಯಿಂದ ಬರುವ ರೈತರು ಬೇರೆ ದಲ್ಲಾಳಿಗಳನ್ನು ದಾಟಿಕೊಂಡು ಬಂದು ಅವರ ವಲ್ಲಿಯೊಳಗೆ ಕೈ ಹಾಕುತ್ತಿದ್ದರು. ಆ ಇಜ್ಜತ್ತೊಂದೇ ಅವರ ಆಸ್ತಿ. ಹೊಲ ಇರಲಿಲ್ಲ, ಅಂಗಡಿ ಇರಲಿಲ್ಲ.

ಗೋವಾದಿಂದ ಹೋರಿ ಕೊಳ್ಳಲು ಒಬ್ಬ ಗಿರಾಕಿ ಬರುತ್ತಿದ್ದ. ಕಾಕಾನ ಮುಖ ನೋಡಿ ನೋಡಿ ಒಂದು ದಿನ ಅವನೇ, "ನಮ್ಮ ಬೋಟಿನಾಗ ಒಂದ ಎಲಿ ಆಟ ಐತಿ, ನೀವು ಬಂದ್ರ ಎಲ್ಲಾರ್ನೂ ಬೋಳಸ್ತೀರಿ" ಎಂದು ಕರೆದುಕೊಂಡು ಹೋದ. ಅದು ಎರಡು ಸಾವಿರದ ದಶಕ ಮುಗಿಯುತ್ತ ಬಂದ ಕಾಲ. ಪೋಕರ್ ಎನ್ನುವ ಹೆಸರು ನಾನು ಕೇಳಿದ್ದು ಆಗಲೇ. ಪ್ರತಿಯೊಬ್ಬನಿಗೆ ಎರಡು ಗುಪ್ತ ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಕೈಯಲ್ಲಿ ಏನಿಲ್ಲದಿದ್ದರೂ ಇದ್ದಂತೆ ಕುಳಿತು ಎದುರಿನವನನ್ನು ಹೆದರಿಸಬೇಕು. ಪಣಕ್ಕೆ ಮಿತಿ ಇಲ್ಲ, ಯಾವ ಗಳಿಗೆಯಲ್ಲಾದರೂ ರೊಕ್ಕದ ಬದಲು ಕೊಟ್ಟ ತನ್ನ ಬಿಲ್ಲೆಗಳನ್ನೆಲ್ಲ ಒಮ್ಮೆಲೇ ನೂಕಿಬಿಡಬಹುದು. ಬಿಲ್ಲೆ ಮುಗಿದವನು ಎದ್ದು ಹೋಗಬೇಕು, ಕೊನೆಗೆ ಉಳಿದವನಿಗೆ ದೊಡ್ಡ ಬಹುಮಾನ. ನಮ್ಮೂರಿನ ಮೂರೆಲೆ ಆಟದಲ್ಲಿ ಪಳಗಿದ್ದ ಕಾಕಾನಿಗೆ ಅದನ್ನು ಕಲಿಯಲು ಬಹಳ ದಿನ ಹಿಡಿಯಲಿಲ್ಲ.

ಆ ಹೊತ್ತಿಗೇ ನನಗೆ ಅವರ ಮೇಲೆ ಸಂಶಯ ಶುರುವಾಗಿತ್ತು. ಸಂತೆಯಲ್ಲಿ ತಕರಾರು ಹೆಚ್ಚಿದ್ದವು. ಕೊಂಡವನು "ಮೂರು ಬೆರಳು ಹಿಡಿದಿದ್ರಿ" ಅನ್ನುವುದು, ಇವರು "ನಾಕು ಹಿಡದೇನಿ" ಅನ್ನುವುದು. ಮೊದಲೆಲ್ಲ ಬಲಗೈಯಿಂದ ಚಹದ ಬಸಿ ಎತ್ತುತ್ತಿದ್ದವರು ಈಗ ಎಡಗೈಯಿಂದ ಎತ್ತತೊಡಗಿದ್ದರು. ಬಲಗೈ ಯಾವಾಗಲೂ ಅಂಗಿಯ ಕಿಸೆಯಲ್ಲಿ. ಆ ಕಿಸೆಯಲ್ಲಿ ಏನಿದೆ? ಎರಡೂ ಕಡೆಯಿಂದ ರೊಕ್ಕ ತಿನ್ನಲು ಶುರು ಮಾಡಿದರೋ ಹೇಗೆ? ಎಲಾ ಇವರ, ಇಷ್ಟು ವರ್ಷ ನಂಬಿದ್ದೆವಲ್ಲ ಎಂದುಕೊಂಡೆ.

ಹೀಗಿರುವಾಗ ಒಂದು ದಿನ ಕಾಕಾ ದವಾಖಾನೆಗೇ ಬಂದರು.

"ಕಂಪೌಂಡರ್ ಸಾಹೇಬ್ರ, ನನ್ನ ಜೋಡಿ ಗೋವಾಕ್ಕ ಬರ್ತೀರೇನ್ರಿ? ಈ ಸಲ ದೊಡ್ಡ ಆಟ ಐತಿ."

"ನಾ ಯಾಕ್ರಿ ಕಾಕಾ? ನನಗ ಎಲಿ ಹಿಡ್ಯಾಕೂ ಬರಂಗಿಲ್ಲ."

"ನಿಮ್ಮಂಥಾ ಸಂಶೆದ ಮನಶಾ ಈ ತಾಲೂಕಿನಾಗ ಇನ್ನೊಬ್ಬಿಲ್ರಿ. ಅಲ್ಲಿ ಯಾರರ ಮೋಸ ಮಾಡಿದ್ರ ನಿಮ್ಮ ಕಣ್ಣಿಗಷ್ಟ ಬೀಳತೈತಿ."

ಹೊಗಳಿದರೋ ಬೈದರೋ ತಿಳಿಯಲಿಲ್ಲ. ಆದರೆ ಒಂದು ಜೋಡಿ ಒಳ್ಳೆಯ ಎತ್ತು ಬರುವಷ್ಟು ರೊಕ್ಕವನ್ನು ಬರೀ ಆಟಕ್ಕೆ ಸೇರಲು ಕಟ್ಟುತ್ತಾರೆಂದು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಗೆದ್ದರೆ ಸಂತೆ ಬಿಟ್ಟುಬಿಡುತ್ತೇನೆ, ಮಗನಿಗೊಂದು ಟ್ರ್ಯಾಕ್ಟರ್ ಕೊಡಿಸಿ ಮನೆಯಲ್ಲಿ ಕೂರುತ್ತೇನೆ ಎಂದರು. ಗಟ್ಟಿಮುಟ್ಟಾಗಿರುವ ಮನುಷ್ಯ ರಾಜನಂತಿದ್ದ ಜಾಗ ಬಿಟ್ಟು ಮನೆಯಲ್ಲಿ ಯಾಕೆ ಕೂರುತ್ತಾನೆ? ಅದೂ ಒಂದು ಸಂಶಯ ಸೇರಿಕೊಂಡಿತು. ಎರಡು ದಿನ ರಜೆ ಹಾಕಿ ಹೊರಟೆ.

ಬೋಟಿನ ಬಾಗಿಲಲ್ಲಿ ಧೋತರ ನಡೆಯುವುದಿಲ್ಲ ಅಂದರು. ಕಾಕಾ ಅದಕ್ಕೆಂದೇ ಮಗನ ಪ್ಯಾಂಟು ತಂದಿದ್ದರು. ಅದು ಸೊಂಟಕ್ಕೆ ನಿಲ್ಲದೆ ನನ್ನ ಬೆಲ್ಟು ಕಟ್ಟಿಕೊಂಡರು. ನಾನು ಒಂದು ಕೈಯಲ್ಲಿ ನನ್ನ ಪ್ಯಾಂಟು ಹಿಡಿದುಕೊಂಡು ಓಡಾಡಬೇಕಾಯಿತು. ಹೆಗಲ ಮೇಲಿನ ವಲ್ಲಿಯನ್ನು ಮಾತ್ರ ಕಾಕಾ ಏನು ಹೇಳಿದರೂ ಬಿಡಲಿಲ್ಲ.

ಆಟ ಮಧ್ಯಾಹ್ನ ಶುರುವಾಯಿತು. ಹತ್ತು ಹನ್ನೆರಡು ಮೇಜು, ತಣ್ಣನೆಯ ಹವಾ, ಕಪ್ಪು ಕನ್ನಡಕ ಹಾಕಿದ ಹುಡುಗರು. ನಾನು ಹಗ್ಗದ ಆಚೆ ನಿಂತು ಒಬ್ಬೊಬ್ಬರ ಕೈ ನೋಡುತ್ತಿದ್ದೆ. ಎಲ್ಲರೂ ಕಳ್ಳರ ಹಾಗೇ ಕಂಡರು. ಒಮ್ಮೆ ಕಾಕಾ ಎಡಗೈಯಿಂದ ತಮ್ಮ ಬಿಲ್ಲೆಗಳನ್ನೆಲ್ಲ ನೂಕಿ ಸುಮ್ಮನೆ ಕುಳಿತರು. ಎದುರಿನ ಹುಡುಗ ಐದು ನಿಮಿಷ ಅವರ ಮುಖ ನೋಡಿದ, ಬೆವರಿದ, ತನ್ನ ಎಲೆ ಒಗೆದುಬಿಟ್ಟ. ವಿರಾಮದಲ್ಲಿ ಕೇಳಿದೆ.

"ಏನಿತ್ರಿ ಕಾಕಾ ನಿಮ್ಮ ಕಡೆ?"

"ಏನೂ ಇರಲಿಲ್ರಿ. ದುಗ್ಗಿ, ಸತ್ತಿ."

ಯಪ್ಪಾ! ಎರಡು, ಏಳು, ಯಾತಕ್ಕೂ ಬಾರದ ಎಲೆ. ನನಗೆ ಖುಷಿಯೂ ಆಯಿತು, ಸಂಶಯವೂ ಬಲಿಯಿತು. ಅಲ್ಲಿ ಹೀಗೆ ಕೂರುವ ಮನುಷ್ಯ ನಮ್ಮ ಸಂತೆಯಲ್ಲಿ ಎಷ್ಟು ಸಲ ಹೀಗೆ ಕುಳಿತಿರಬೇಕು?

ಸಂಜೆಯಾಗುವ ಹೊತ್ತಿಗೆ ಒಂದೇ ಮೇಜು ಉಳಿಯಿತು, ಅದರಲ್ಲಿ ನಾಲ್ಕೇ ಜನ. ಅವರಲ್ಲಿ ಒಬ್ಬ ಆ ಗೋವಾದ ಗಿರಾಕಿ! ಕಾಕಾನ ಮುಂದೆ ಎಲ್ಲರಿಗಿಂತ ಎತ್ತರದ ಬಿಲ್ಲೆಗಳ ರಾಶಿ. ನಾನು ಹಗ್ಗಕ್ಕೆ ಇನ್ನಷ್ಟು ಒತ್ತಿ ನಿಂತೆ. ಆಗ ಮೇಲ್ವಿಚಾರಕ ಬಂದು ಹಿಂದಿಯಲ್ಲಿ ಏನೋ ಹೇಳಿದ. ಅಷ್ಟು ಹೊತ್ತೂ ಕಾಕಾನ ಬಲಗೈ ಮೇಜಿನ ಕೆಳಗೆ, ತೊಡೆಯ ಮೇಲೆ ಇತ್ತು. ಕೊನೆಯ ಮೇಜಿನಲ್ಲಿ ಎರಡೂ ಕೈ ಮೇಲೆ ಕಾಣುವಂತಿರಬೇಕು ಎಂಬುದು ಅವನ ಮಾತು. ಕಾಕಾ ಎದುರಿಗಿದ್ದ ಗಿರಾಕಿಯ ಕಡೆ ನೋಡಿದರು. ಬಲಗೈ ಎತ್ತಿ ಮೇಜಿನ ಮೇಲಿಟ್ಟರು, ಇಡುವುದರೊಳಗೇ ಹೆಗಲಿನ ವಲ್ಲಿಯನ್ನು ಎಳೆದು ಅದರ ಮೇಲೆ ಹೊದಿಸಿಬಿಟ್ಟರು.

ಮೇಜಿನವರೆಲ್ಲ ಎದ್ದು ನಿಂತು ಕೂಗಾಡಿದರು. ಎಲ್ಲರಿಗಿಂತ ಜೋರಾಗಿ ಕೂಗಿದವನು ಆ ಗಿರಾಕಿಯೇ. ಟವೆಲ್ಲಿನ ಕೆಳಗೆ ಎಲೆ ಇದೆ ಅಂದರು. ಮೇಲ್ವಿಚಾರಕ ಎಲೆಗಳನ್ನು ಎಣಿಸಿದ, ಎಲ್ಲ ಸರಿಯಾಗಿದ್ದವು. ಆಮೇಲೆ ಅವನು ಮೆತ್ತಗೇ ಹೇಳಿದ: ಟವೆಲ್ ತೆಗೆಯಿರಿ, ಆಟ ಮುಂದುವರಿಸಿ.

ಅಷ್ಟೇ ಕೇಳಿದ್ದು. ತೆಗೆದಿದ್ದರೆ ಮುಗಿಯುತ್ತಿತ್ತು. ಕಾಕಾ ತೆಗೆಯಲಿಲ್ಲ. ವಲ್ಲಿಯ ಸಮೇತ ಕೈಯನ್ನು ಎದೆಗೆ ಒತ್ತಿಕೊಂಡು ಎದ್ದರು, ಆ ಬಿಲ್ಲೆಗಳ ರಾಶಿಯನ್ನು ಅಲ್ಲೇ ಬಿಟ್ಟು ಹೊರಗೆ ನಡೆದರು. ಐವತ್ತು ರೂಪಾಯಿಗೆ ಅರ್ಧ ದಿನ ವಾದ ಮಾಡುವ ಮನುಷ್ಯ ಅಷ್ಟು ರೊಕ್ಕವನ್ನು ಬಿಟ್ಟು ನಡೆದಿದ್ದರು. ಎಲೆ ಲೆಕ್ಕಕ್ಕೆ ಸಿಕ್ಕರೇನು, ವಲ್ಲಿಯಲ್ಲಿ ಬೇರೇನೋ ಇರಲೇಬೇಕು. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಸುಮ್ಮನೆ ಹೇಳಿದ್ದಾರೆಯೇ...

ಮರುದಿನ ಬೆಳಗಿನ ಬಸ್ಸಿನಲ್ಲಿ ಊರಿಗೆ ಹೊರಟೆವು, ಬಸ್ಸು ಘಾಟು ಹತ್ತಿತು. ಕೊನೆಗೆ ನನಗೇ ತಡೆಯಲಾಗಲಿಲ್ಲ.

"ಕಾಕಾ, ಖರೇ ಹೇಳ್ರಿ. ವಲ್ಲ್ಯಾಗ ಏನಿತ್ತು?"

"ಕೈ ಇತ್ತು."

"ಕೈ ಬಿಟ್ಟು?"

"ಕೈ ಬಿಟ್ಟು ಏನೂ ಇರಲಿಲ್ರಿ." ಹೇಳಿ ಕಿಟಕಿಯ ಕಡೆ ಮುಖ ಮಾಡಿದರು. ನಾನು ನಂಬಲಿಲ್ಲ.

ಮುಂದಿನ ಸಲ ಹೋರಿ ಕೊಳ್ಳಲು ಬಂದ ಗಿರಾಕಿ ಇಡೀ ಸಂತೆಗೆ ಸುದ್ದಿ ಹಂಚಿ ಹೋದ. ಗಡಿಗೆಯ ಬಾಯಿ ಕಟ್ಟಬಹುದು, ಊರ ಬಾಯಿ ಕಟ್ಟಲಾದೀತೇ? ಗೋವಾದಲ್ಲಿ ಎಲೆ ಕದ್ದವನು ಇಲ್ಲಿ ಬೆರಳು ಕದಿಯುವುದಿಲ್ಲವೇ ಎಂದು ರೈತರು ದೂರ ಸರಿದರು. ಹಳೆಯ ತಕರಾರುಗಳೆಲ್ಲ ಹೊಸ ಅರ್ಥ ಪಡೆದವು. ನನ್ನನ್ನೂ ಕೇಳಿದರು. "ವಲ್ಲ್ಯಾಗಿಂದು ನನಗೇನ ಕಾಣತೈತ್ರಿ?" ಎಂದೆ. ಅದು ನಿಜವೂ ಆಗಿತ್ತು. ಕಾಕಾ ಮಾತ್ರ ವಾರ ತಪ್ಪದೆ ಸಂತೆಗೆ ಬಂದು ಬೇವಿನ ಮರದ ಬುಡದಲ್ಲಿ ಕೂರುತ್ತಿದ್ದರು. ಅವರ ವಲ್ಲಿಯೊಳಗೆ ಕೈ ಹಾಕುವವರು ಇರಲಿಲ್ಲ. ಅವರನ್ನು ನೋಡಿದರೆ ಸಿಟ್ಟು ಬರುತ್ತಿತ್ತು, ಕರುಳೂ ಚುರ್ ಅನ್ನುತ್ತಿತ್ತು.

ಮಳೆಗಾಲ ಮುಗಿದ ಮೇಲೆ ನನಗೊಂದು ಆಕಳು ಬೇಕಾಯಿತು. ಸಂಗೊಳ್ಳಿಯ ರೈತನೊಬ್ಬನ ಆಕಳು ಹಿಡಿಸಿತು. ಕಾಕಾನಿಗೆ ಹೇಳಿ ವ್ಯವಹಾರ ಮಾಡಿಸೋಣ ಎಂದುಕೊಂಡೆ. ಕನಿಕರ ಒಂದು ಪಾಲು, ಪರೀಕ್ಷೆ ಮೂರು ಪಾಲು. ರೈತನ ದರವನ್ನು ಮೊದಲೇ ಗುಟ್ಟಾಗಿ ಕೇಳಿ ಇಟ್ಟುಕೊಂಡಿದ್ದೆ. ಕಾಕಾ ಎಷ್ಟು ಬೆರಳು ಹೆಚ್ಚು ಹಿಡಿಯುತ್ತಾರೋ ನೋಡಿಯೇಬಿಡೋಣ!

"ಬ್ಯಾರೇ ದಲಾಲರನ್ನ ನೋಡ್ರಿ ಸಾಹೇಬ್ರ" ಎಂದರು. ನಾನು ಬಿಡಲಿಲ್ಲ. ಸುತ್ತ ಮಂದಿ ಕೂಡಿದರು. ಅವರು ರೈತನ ಕೈಯನ್ನು ಝಟ್ಟನೆ ಒತ್ತಿ ಬಿಟ್ಟ ಮೇಲೆ ನಾನು ಮೊದಲ ಸಲ ಆ ವಲ್ಲಿಯೊಳಗೆ ಕೈ ಹಾಕಿದೆ.

ಅವರ ಕೈ ನಡುಗುತ್ತಿತ್ತು. ಸಣ್ಣ ನಡುಕವಲ್ಲ. ಆಗ ತಾನೇ ಹುಟ್ಟಿ ಎದ್ದು ನಿಲ್ಲಲು ಒದ್ದಾಡುವ ಕರುವಿನ ಕಾಲಿನ ಹಾಗೆ ನಡುಗುತ್ತಿತ್ತು. ನನ್ನ ಮೂರು ಬೆರಳು ಹಿಡಿಯಲು ಹೋಗುತ್ತಾರೆ, ಒಂದು ಜಾರುತ್ತದೆ. ಮತ್ತೆ ಹಿಡಿಯುತ್ತಾರೆ, ನಾಲ್ಕು ಸಿಕ್ಕುತ್ತದೆ. ಮುಖ ನೋಡಿದೆ. ಕಲ್ಲಿನ ಬಸವಣ್ಣ.

"ಕಾಕಾ..." ಎಂದೆ ಅವರ ಕಿವಿಯ ಹತ್ತಿರ ಬಾಗಿ, ಮೆಲ್ಲಗೆ.

"ಮುಖಾ ನೆಟ್ಟಗ ಇಟಗೋರಿ. ಮಂದಿ ನೋಡಾಕತ್ತಾರ."

"ಗೋವಾದಾಗೂ ಹಿಂಗ ಇತ್ತೇನ್ರಿ?"

"ಹೂಂ. ಎರಡ ವರ್ಷಾತು. ಇಷ್ಟ ದಿನ ಝಟ್ಟನ ಒತ್ತಿ ಬಿಟ್ರ ಮಂದಿಗಿ ತಿಳೀತಿರಲಿಲ್ಲ, ಈಗ ತಡ್ಯಾಕ ಆಗವಲ್ದು."

"ಅಲ್ರೀ, ವಲ್ಲಿ ತಗದ ಕೈ ತೋರಿಸಿದ್ರ ಮುಗೀತಿತ್ತಲ್ರೀ! ಕಳ್ಳ ಅನಿಸ್ಕೊಂಡ ಯಾಕ ಬಂದ್ರಿ?"

"ಆ ಗಿರಾಕಿ ಎದುರಿಗೇ ಕುಂತಿದ್ದ. ನೋಡಿದ್ರ ಸಂತಿಗೆಲ್ಲಾ ಡಂಗುರಾ ಹೊಡೀತಿದ್ದ. ಕಳ್ಳ ಅನ್ನೋದ ಮಂದಿ ನಾಕ ದಿನಕ್ಕ ಮರೀತಾರ್ರಿ. ಚಾಲಾಕ ಮನಶಾ ಅಂತ ತಿರುಗಿ ಬಂದ ಬರ್ತಾರ. ಕೈ ಹೋಗೇತಿ ಅಂತ ಗೊತ್ತಾದ್ರ? ಒಬ್ಬ ಮಗಾನೂ ಬರಂಗಿಲ್ಲ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಎಲ್ಲವ್ವನ ಆಣಿ ಐತಿ."

ವಲ್ಲಿಯೊಳಗೆ ನಾನೇ ಅವರ ಕೈಯನ್ನು ಗಟ್ಟಿಯಾಗಿ ಹಿಡಿದೆ. ಅದು ನಿಲ್ಲುವವರೆಗೂ ಹಿಡಿದೆ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಆತು ಕಾಕಾ, ನಿಮ್ಮ ಮಾತಿಗಿ ಒಪ್ಪಿದ್ನಿ" ಎಂದೆ. ದರ ಎಷ್ಟೆಂದು ಅವರು ಹೇಳಿಯೇ ಇರಲಿಲ್ಲ. ರೈತನ ಬಳಿ ಕೇಳಿಟ್ಟಿದ್ದನ್ನೇ ಕೊಟ್ಟೆ. ಮಂದಿ ತಲೆ ಆಡಿಸಿದರು.

ಅವರು ಹೇಳಿದಂತೆಯೇ ಆಯಿತು. ಒಬ್ಬೊಬ್ಬರಾಗಿ ಕೆಲವರು ತಿರುಗಿ ಬಂದರು. ಅವರ ಮುಂದೆ ಕಾಕಾ ಬಲಗೈ ಬಿಟ್ಟು ಎಡಗೈಯಿಂದ ಬೆರಳು ಹಿಡಿಯಲು ಕಲಿತರು. ಎರಡು ವರ್ಷ ಹೇಗೋ ನಡೆಯಿತು. ಆಮೇಲೆ ಆ ಕೈಗೂ ನಡುಕ ಬಂತು, ಕತ್ತಿಗೂ ಬಂತು. ಆಗ ಅದನ್ನು ಎಲ್ಲರೂ ಮುಪ್ಪು ಅಂದರು. ಒಂದು ಚಳಿಗಾಲದಲ್ಲಿ ತೀರಿಕೊಂಡರು. ನಾನು ಮಣ್ಣು ಕೊಡಲು ಹೋದಾಗ ಅವರ ಕೈಗಳು ಎದೆಯ ಮೇಲೆ ಸುಮ್ಮನಿದ್ದವು... ಅದನ್ನು ನೋಡಿ ನಾನು ಅತ್ತಷ್ಟು ಅವರ ಮಗನೂ ಅಳಲಿಲ್ಲ.

ಅವರು ಹೋಗಿ ಬಹಳ ವರ್ಷಗಳಾದವು. ಸಂತೆಯಲ್ಲಿ ಎತ್ತುಗಳೂ ಕಡಿಮೆಯಾದವು. ಹೋದ ವಾರ ಬಸ್‌ಸ್ಟ್ಯಾಂಡಿನ ಚಹದ ಅಂಗಡಿಯಲ್ಲಿ ಅವರ ಮಗ ನಾಲ್ಕು ಗೆಳೆಯರ ನಡುವೆ ಕುಳಿತಿದ್ದ. ಈಗ ಹಳೆಯ ಟ್ರ್ಯಾಕ್ಟರುಗಳ ವ್ಯವಹಾರ ಮಾಡುತ್ತಾನೆ. ನನ್ನನ್ನು ಕಂಡವನೇ ಕೂಗಿದ.

"ಬರ್ರಿ ಸಾಹೇಬ್ರ, ಕುಂಡ್ರಿ! ಇವ್ರಿಗಿ ಹೇಳ್ರಿ, ನಮ್ಮಪ್ಪ ಗೋವಾದಾಗ ದೊಡ್ಡ ದೊಡ್ಡ ಮಂದಿ ನಡುವ ವಲ್ಲ್ಯಾಗ ಎಲಿ ಮುಚ್ಚಿಟ್ಟಿದ್ದ, ಹೌದಲ್ರಿ? ಇವ್ರು ನಂಬವಲ್ರು. ನೀವು ಕಣ್ಣಾರೆ ನೋಡೀರಿ."

ಅವನ ಮುಖ ಹೆಮ್ಮೆಯಿಂದ ಅರಳಿತ್ತು. ಕಳ್ಳತನವೇ ಆ ಮನೆಯ ದೊಡ್ಡ ಕಥೆಯಾಗಿಬಿಟ್ಟಿದೆ. ಎಲೆಗಳೆಲ್ಲ ಲೆಕ್ಕಕ್ಕೆ ಸರಿಯಾಗಿದ್ದವು ಕಣೋ, ನಿಮ್ಮಪ್ಪ ಒಂದೇ ಒಂದು ಎಲೆಯನ್ನೂ ಮುಟ್ಟಿದವನಲ್ಲ ಎಂದು ಹೇಳಬಲ್ಲವನು ಈ ಊರಿನಲ್ಲಿ ನಾನೊಬ್ಬನೇ. ಬಾಯಿಗೆ ಬಂದಿತ್ತು, ಎಲ್ಲವ್ವನ ಆಣೆ ನೆನಪಾಯಿತು.

"ಹೂಂಪಾ, ನೋಡಿದ್ನಿ" ಎಂದೆ. "ಭಾಳ ಚಾಲಾಕ ಇದ್ದ ನಿಮ್ಮಪ್ಪ."

ಎಲ್ಲರೂ ಹೋ ಎಂದು ನಕ್ಕರು. ನಾನೂ ನಕ್ಕೆ, ಮುಖ ನೆಟ್ಟಗಿಟ್ಟುಕೊಂಡು ಚಹ ಕುಡಿದೆ. ಅಲ್ಲಿಂದ ಎದ್ದು ಬಂದವನಿಗೆ ದಾರಿಯುದ್ದಕ್ಕೂ ಕಣ್ಣು ಮಂಜಾಗಿತ್ತು.