ಪಲ್ಲವಿಗಿಂತ ಅರೆಕ್ಷಣ ಮೊದಲು

ಅವನನ್ನು ಎಲ್ಲರೂ ತಂತಿ ಎಂದೇ ಕರೆಯುತ್ತಿದ್ದರು. ನನ್ನ ತರಗತಿಗೆ ಬಂದಾಗಲೇ ಕಡ್ಡಿಯಂತಿದ್ದ. ಗಿಟಾರು ಹಿಡಿದ ಮೇಲೆ ಹೆಸರು ಗಟ್ಟಿಯಾಯಿತು. ಅವನ ಪಕ್ಕದಲ್ಲಿ ಕೂರುತ್ತಿದ್ದವನು ಬೆಂಚು. ನಾನು ವಿಭಕ್ತಿಗಳನ್ನು ಹೇಳಿಕೊಡುವಾಗ ಬೆಂಚು ಬಾರಿಸಿ ಬಾರಿಸಿ ಆ ಹೆಸರು ಸಂಪಾದಿಸಿದವನು. ಮುಂದೆ ಡ್ರಮ್ಸ್ ನುಡಿಸಿದ. ಇಬ್ಬರೂ ಸೇರಿ ಒಂದು ರಾಕ್ ತಂಡ ಕಟ್ಟಿದರು. ಪಲ್ಲವಿ ಹತ್ತಿರ ಬಂತೆಂದರೆ ಬೆಂಚು ತಡೆಯಲಾರದೆ ತಾಳಕ್ಕಿಂತ ಅರೆಕ್ಷಣ ಮುಂದೆ ಓಡುತ್ತಿದ್ದ. ತಂತಿಯೂ ಅವನ ಜೊತೆಗೇ ಓಡುತ್ತಿದ್ದ. ಜನ ಎದ್ದು ಕುಣಿಯುತ್ತಿದ್ದುದು ಆ ಜಾಗಕ್ಕೇ.

ಒಂದು ಸಂಜೆ ತಂಡದ ಕಾರ್ಯಕ್ರಮವಿತ್ತು. ಅದೇ ದಿನ ಸ್ಟುಡಿಯೊದವರು ತಂತಿಯನ್ನು ಒಂದು ಹಾಡಿಗೆ ಕರೆದರು. ಬೇಗ ಮುಗಿಸಿ ಬರುತ್ತೇನೆಂದು ಹೋದವನು ಬರಲಿಲ್ಲ. ಬೆಂಚು ಕೋಲು ಹಿಡಿದು ವೇದಿಕೆಯ ಮೇಲೆ ಕಾದ. ನಾನೂ ಅಲ್ಲಿದ್ದೆ. ಅಂದಿನಿಂದ ಹತ್ತೊಂಬತ್ತು ವರ್ಷ ಇಬ್ಬರಿಗೂ ಮಾತಿಲ್ಲ.

ತಂತಿ ಸ್ಟುಡಿಯೊದವನೇ ಆಗಿಹೋದ. ಆ ಕೆಲಸ ವಿಚಿತ್ರವಾದದ್ದು. ಡ್ರಮ್ಸಿನವನು ಸೋಮವಾರ ನುಡಿಸಿ ಹೋಗುತ್ತಾನೆ, ಗಿಟಾರಿನವನು ಗುರುವಾರ, ಹಾಡುವವರು ಇನ್ನೆಂದೋ. ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಕಿವಿಯಲ್ಲಿ ಟಿಕ್ ಟಿಕ್ ಎನ್ನುವ ತಾಳ ತಪ್ಪದೆ, ಕಾಣದವರ ಜೊತೆ ನುಡಿಸಬೇಕು. ಮನೆಯಲ್ಲಿಯೂ ಅವನು ಒಬ್ಬನೇ.

"ಊಟಕ್ಕೆ ಜೊತೆ ಯಾರಿದಾರೋ?" ಎಂದು ಕೇಳಿದರೆ, "ನಾನೂ ರೇಡಿಯೋನೂ ಮೇಷ್ಟ್ರೇ. ಅದೇ ಜಾಸ್ತಿ ಮಾತಾಡುತ್ತೆ," ಎನ್ನುತ್ತಿದ್ದ.

ಬೆಂಚಿನ ಫೋನ್ ನಂಬರು ನನ್ನ ಡೈರಿಯಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಒಮ್ಮೆಯೂ ಕೇಳಲಿಲ್ಲ.

ಕಳೆದ ವರ್ಷ ಒಂದು ಗುರುವಾರ, ಹೆಡ್‌ಫೋನಿನೊಳಗೆ ಹಾಡು ಪಲ್ಲವಿಗೆ ಬರುತ್ತಿದ್ದಂತೆ ಡ್ರಮ್ಸ್ ಅರೆಕ್ಷಣ ಮುಂದೆ ಓಡಿತು. ತಂತಿಯ ಕೈಯೂ ತಾನಾಗಿ ಓಡಿತು. ರೆಕಾರ್ಡಿಂಗ್ ಮಾಡುತ್ತಿದ್ದಾಕೆ ನಿಲ್ಲಿಸಿದಳು.

"ಏನಣ್ಣ, ನೀವೂ ಓಡಿಬಿಟ್ರಲ್ಲ?"

"ಹೀಗೇ ಇರ್ಲಿ ಬಿಡು ತಾಯಿ."

"ಸೋಮವಾರ ಡ್ರಮ್ಸಿನೋರೂ ಇದನ್ನೇ ಅಂದ್ರು. ಗಿಟಾರ್ ಯಾರು ಅಂತ ಕೇಳಿದ್ರು. ನಿಮ್ಮ ಹೆಸರು ಹೇಳಿದ ಮೇಲೆ, ಏನ್ ಮಾಡಿದ್ರೂ ಇನ್ನೊಂದ್ ಸಲ ನುಡಿಸೋಕೆ ಒಪ್ಪಲಿಲ್ಲ."

ಅಂದು ಸ್ಟುಡಿಯೊದಿಂದ ನೇರವಾಗಿ ನನ್ನ ಮನೆಗೆ ಬಂದ. "ಬೆಂಚು ಕರೆದಿದಾನೆ ಮೇಷ್ಟ್ರೇ. ನಾನೂ ಬಂದೆ ಅಂದಿದೀನಿ. ಹಾಡು ಕೇಳಿದ್ರೆ ಅವನಿಗೆ ತಿಳಿಯುತ್ತೆ."

"ನೀನೇ ಫೋನ್ ಮಾಡೋ, ಕತ್ತೆ."

"ಇಲ್ಲ, ಮೊದ್ಲು ಅವನು ಕೇಳ್ಲಿ."

ಮೂರು ತಿಂಗಳಿಗೆ ಹಾಡು ಹೊರಬಂತು. ನಮ್ಮ ಮನೆಯಲ್ಲಿಯೇ ಕುಳಿತು ಕೇಳಿದೆವು. ಪಲ್ಲವಿ ಬಂತು. ಯಾರೂ ಓಡಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತ ಯಾರೋ ಪುಣ್ಯಾತ್ಮರು ಇಬ್ಬರನ್ನೂ ಹಿಂದಕ್ಕೆಳೆದು ತಾಳಕ್ಕೆ ಸರಿಮಾಡಿದ್ದರು. ಇಡೀ ಆಯುಷ್ಯ ಕೆಂಪು ಶಾಯಿಯಲ್ಲಿ ತಿದ್ದುತ್ತ ಬಂದ ನಾನು ಎದ್ದು ಹಾಡು ನಿಲ್ಲಿಸಿದೆ.

"ಈ ಸಲಾನೂ ನಾನು ಬರ್ಲಿಲ್ಲ ಅಂದ್ಕೋತಾನೆ," ಎಂದ ತಂತಿ. ಫೋನ್ ಕೈಗೆತ್ತಿಕೊಂಡು, "ಆ ನಂಬರು ಕೊಡಿ."

ನಾನು ಓದಿ ಹೇಳಿದೆ, ಅವನು ಒತ್ತಿದ. ಅತ್ತ ಗಂಟೆ ಬಡಿದು ಬಡಿದು ನಿಂತಿತು. ಮತ್ತೆ ಒತ್ತಿದ. ಮತ್ತೆ ನಿಂತಿತು.

"ಅವತ್ತು ಅವನು ಎಷ್ಟು ಹೊತ್ತು ಕಾದ, ಮೇಷ್ಟ್ರೇ?"

"ಜನ ಎಲ್ಲ ಹೋಗಿ, ಕುರ್ಚಿ ಮಡಚಿಡೋವರೆಗೂ."

ತಂತಿ ಕುರ್ಚಿ ಎಳೆದುಕೊಂಡು ಕುಳಿತು ಮೂರನೆಯ ಸಲ ಒತ್ತಿದ.