ಕಾಯುವ ಪಟ್ಟಿಯಲ್ಲಿ ಒಂದನೆಯವಳು

ಆ ಲ್ಯಾಬಿಗೆ ಬರುವ ಬಾಯಿಗಳೆಲ್ಲ ಪ್ಲಾಸ್ಟರಿನವು. ಜೊಲ್ಲು ಸುರಿಸುವುದಿಲ್ಲ, ನೋವೆಂದು ಅರಚುವುದಿಲ್ಲ, ಒಂದು ಮಾತಿಗೆ ಹತ್ತು ಮಾತು ಆಡುವುದಿಲ್ಲ. ಊರಿನ ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು, ಡಬ್ಬಿಯಲ್ಲಿಟ್ಟು ಇಲ್ಲಿಗೆ ಕಳಿಸುತ್ತಾರೆ. ಇಲ್ಲಿ ಅದರ ಮೇಲೆ ಹಲ್ಲು ಕಟ್ಟಿ ವಾಪಸು ಕಳಿಸುತ್ತಾರೆ. ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಹದಿನಾರು ವರ್ಷದಿಂದ ಈ ಕೆಲಸ ಮಾಡುತ್ತಿದ್ದವಳನ್ನು ಎಲ್ಲರೂ ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಇಟ್ಟ ಹೆಸರು ಸಂಬಳದ ದಿನ ಸಹಿ ಹಾಕುವಾಗ ಮಾತ್ರ ಅವಳಿಗೆ ನೆನಪಾಗುತ್ತಿತ್ತು.

ಕೈ ಬಹಳ ಚೆನ್ನಾಗಿತ್ತು. ಅವಳು ಕಟ್ಟಿದ ಹಲ್ಲನ್ನು ಹಾಕಿಕೊಂಡು ನಕ್ಕರೆ ಹೆಂಡತಿಗೂ ಗಂಡನ ಹಲ್ಲು ಯಾವುದು ಸ್ವಂತದ್ದು, ಯಾವುದು ಕಟ್ಟಿಸಿದ್ದು ಎಂದು ಗೊತ್ತಾಗುತ್ತಿರಲಿಲ್ಲವಂತೆ. ಈ ಮಾತನ್ನು ಲ್ಯಾಬಿನ ಯಜಮಾನರು ಬಂದವರಿಗೆಲ್ಲ ಹೇಳುತ್ತಿದ್ದರು. ಹಲ್ಲಕ್ಕ ಕೇಳಿಸಿಯೂ ಕೇಳಿಸದವಳಂತೆ ತಲೆ ಬಗ್ಗಿಸಿ ಮೇಣ ಕೆರೆಯುತ್ತಿದ್ದಳು. ಹೊಗಳಿಕೆ ಅವಳ ಮೈಗೆ ಹತ್ತುತ್ತಿರಲಿಲ್ಲ. ತಾನು ಕೂರಬೇಕಾಗಿದ್ದ ಕುರ್ಚಿಯೇ ಬೇರೆ ಎಂದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು.

ಆ ಕುರ್ಚಿಯಲ್ಲಿ ಕೂತವಳು ಗುಬ್ಬಿ. ಚಿಕ್ಕಮ್ಮನ ಮಗಳು, ಮೂರೇ ತಿಂಗಳು ಚಿಕ್ಕವಳು. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. ಹಲ್ಲಿನ ಡಾಕ್ಟರಾಗಬೇಕೆಂಬ ಹುಚ್ಚು ಮಾತ್ರ ಹಲ್ಲಕ್ಕನದು. ಎಂಟನೇ ಕ್ಲಾಸಿನಿಂದಲೇ ಅದೇ ಜಪ, ಅದೂ ಊರಿನ ದೊಡ್ಡ ಕಾಲೇಜೇ ಆಗಬೇಕು. ಗುಬ್ಬಿಗೆ ಯಾವ ಹುಚ್ಚೂ ಇರಲಿಲ್ಲ. ಪ್ರವೇಶ ಪರೀಕ್ಷೆಯ ಅರ್ಜಿ ತರಲು ಅಕ್ಕನ ಜೊತೆ ಹೋದವಳು, ಒಬ್ಬಳೇ ಸುಮ್ಮನೆ ನಿಲ್ಲುವುದೇಕೆ ಎಂದು ತಾನೂ ಒಂದು ತಗೊಂಡಳು. ಓದುವಾಗ ಆಕಳಿಸುತ್ತಿದ್ದವಳನ್ನು ಎಬ್ಬಿಸಿ ಪಾಠ ಹೇಳಿಕೊಟ್ಟವಳೂ ಹಲ್ಲಕ್ಕನೇ.

ಪಟ್ಟಿ ಹಾಕಿದ ದಿನ ಕಾಲೇಜಿನ ಬೋರ್ಡಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಹಲ್ಲಕ್ಕ ಮೇಲಿನಿಂದ ಓದುತ್ತಾ ಬಂದಳು. ಎಲ್ಲ ಹೆಸರೂ ಮುಗಿದು ಕಟ್ಟಕಡೆಗೆ ಗುಬ್ಬಿಯ ಹೆಸರು ಸಿಕ್ಕಿತು. ಅದರ ಕೆಳಗೊಂದು ಗೆರೆ. ಗೆರೆಯ ಕೆಳಗೆ ಕಾಯುವ ಪಟ್ಟಿ, ಅದರಲ್ಲಿ ಮೊದಲನೆಯದು ಇವಳದು. ಒಂದೇ ಒಂದು ಅಂಕದ ವ್ಯತ್ಯಾಸ. ಗುಬ್ಬಿ ಪಾಪ ಕುಣಿದಾಡಲಿಲ್ಲ. "ಅಕ್ಕಾ, ಏನೋ ತಪ್ಪಾಗಿರ್ಬೇಕು, ಆಫೀಸಲ್ಲಿ ಕೇಳೋಣ ಬಾ," ಎಂದಳು. ಕುಣಿದಾಡಿದ್ದರೆ ಆಗಲೇ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲವಲ್ಲ ಎಂದು ಹಲ್ಲಕ್ಕನ ಹೊಟ್ಟೆ ಇನ್ನಷ್ಟು ಉರಿಯಿತು.

ಕಾಯುವ ಪಟ್ಟಿ ಮೂರು ವಾರ ಜೀವಂತವಿತ್ತು. ಆ ಮೂರು ವಾರ ಅವಳು ಬೇಡಿಕೊಂಡಿದ್ದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಗುಬ್ಬಿಗೆ ಕಾಮಾಲೆಯಾಗಲಿ ಎಂದುಕೊಂಡಳು. ಕಾಲು ಮುರಿಯಲಿ, ಸಣ್ಣದಾಗಿ, ವಾಸಿಯಾಗುವಷ್ಟು ಎಂದುಕೊಂಡಳು. ಚಿಕ್ಕಪ್ಪನಿಗೆ ದೂರದ ಊರಿಗೆ ವರ್ಗವಾಗಲಿ ಎಂದುಕೊಂಡಳು. ಒಂದೂ ಆಗಲಿಲ್ಲ. ಸೀಟುಗಳು ಭರ್ತಿಯಾಗಿವೆ ಎಂಬ ಎರಡು ಸಾಲಿನ ಕಾಗದ ಬಂತು. ಅಮ್ಮ, "ಹೋಗ್ಲಿ ಬಿಡು, ನಮ್ಮ ಗುಬ್ಬಿಗಾದ್ರೂ ಸಿಕ್ತಲ್ಲ," ಎಂದಳು. ಸಮಾಧಾನಕ್ಕೆಂದು ಆಡಿದ ಮಾತೇ. ಆದರೆ ಅದನ್ನು ಅವಳು ಅಮ್ಮನಿಗೆ ಇಂದಿಗೂ ಕ್ಷಮಿಸಿಲ್ಲ.

ಅದೇ ಕಾಲೇಜಿನ ಹಿಂಭಾಗದ ಶೆಡ್ಡಿನಲ್ಲಿ ಹಲ್ಲು ಕಟ್ಟುವ ಕೆಲಸ ಕಲಿಸುವ ಎರಡು ವರ್ಷದ ಕೋರ್ಸಿತ್ತು. ಬೇರೆ ಊರಿನ ಕಾಲೇಜಿನಲ್ಲಿ ಬೇರೇನಾದರೂ ಓದು ಎಂದು ಮನೆಯವರು ಎಷ್ಟು ಹೇಳಿದರೂ ಕೇಳದೆ ಅಲ್ಲೇ ಸೇರಿಕೊಂಡಳು. ಗುಬ್ಬಿ ಬಿಳಿ ಕೋಟು ಹಾಕಿಕೊಂಡು ಮುಂದಿನ ಗೇಟಿನಿಂದ ಹೋಗುವಳು, ಇವಳು ಪ್ಲಾಸ್ಟರ್ ಪುಡಿ ಮೆತ್ತಿಕೊಂಡು ಹಿಂದಿನ ಗೇಟಿನಿಂದ. ಗಾಯದ ಮೇಲಿನ ಸಿಪ್ಪೆಯನ್ನು ದಿನಾ ಕಿತ್ತು ನೋಡಿಕೊಳ್ಳುವವರು ಇರುತ್ತಾರಲ್ಲ, ಇವಳು ಆ ಜಾತಿ.

ಕಾಲ ಓಡಿತು. ಗುಬ್ಬಿ ಕ್ಲಿನಿಕ್ ತೆರೆದಳು, ಅಚ್ಚುಗಳನ್ನೆಲ್ಲ ಅಕ್ಕನ ಲ್ಯಾಬಿಗೇ ಕಳಿಸತೊಡಗಿದಳು. ನೆಂಟರೆಲ್ಲ ಎಷ್ಟು ಚೆಂದದ ಜೋಡಿ ಎಂದರು. ಮೊದಲ ಡಬ್ಬಿ ಬಿಚ್ಚಿದಾಗಲೇ ಹಲ್ಲಕ್ಕನಿಗೆ ಒಂದು ಗುಟ್ಟು ಸಿಕ್ಕಿತು. ಗುಬ್ಬಿಗೆ ಕಚ್ಚು ತೆಗೆಯಲು ಬರುತ್ತಿರಲಿಲ್ಲ. ಹಲ್ಲಿಲ್ಲದವರಿಗೆ ಪೂರ್ತಿ ಸೆಟ್ ಕಟ್ಟುವ ಮೊದಲು ಬಾಯಿಯೊಳಗೆ ಮೇಣದ ಪಟ್ಟಿ ಇಟ್ಟು ಕಚ್ಚಿಸುತ್ತಾರೆ. ಮೇಲಿನ ದವಡೆಗೆ ಕೆಳಗಿನದು ಎಲ್ಲಿ ಕೂರುತ್ತದೆ ಎಂಬುದನ್ನು ಆ ಮೇಣವೇ ಹೇಳಬೇಕು. ಕಚ್ಚಿ ಅಂದರೆ ಸಾಕು, ಮುದುಕರು ಗದ್ದವನ್ನು ಮುಂದಕ್ಕೆ ಚಾಚಿ ಕಚ್ಚಿಬಿಡುತ್ತಾರೆ. ಡಾಕ್ಟರಾದವರು ಅದನ್ನು ಹಿಡಿಯಬೇಕು. ಗುಬ್ಬಿಯ ಕಣ್ಣಿಗೆ ಅದು ಬೀಳುತ್ತಿರಲಿಲ್ಲ.

ಇಂಥದ್ದಕ್ಕೆ ಲ್ಯಾಬಿನಲ್ಲಿ ಒಂದು ರೂಢಿಯಿತ್ತು. ಡಾಕ್ಟರಿಗೆ ನೀವು ತಪ್ಪಿದ್ದೀರಿ ಎಂದು ಲ್ಯಾಬಿನವರು ಬರೆದು ಕಳಿಸಿದರೆ ಮುಖ ಊದಿಕೊಳ್ಳುತ್ತದೆ. ಅದಕ್ಕೆ ಡಬ್ಬಿಗೊಂದು ಕೆಂಪು ದಾರ ಸುತ್ತಿ ವಾಪಸು ಕಳಿಸುತ್ತಿದ್ದರು. ಇನ್ನೊಮ್ಮೆ ಕಚ್ಚಿಸಿ ಎಂದು ಅದರ ಅರ್ಥ. ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ, ಡಾಕ್ಟರುಗಳು ನಾಲ್ಕು ದಾರ ಬರುವಷ್ಟರಲ್ಲಿ ಕಲಿತುಬಿಡುತ್ತಿದ್ದರು. ಗುಬ್ಬಿಯ ಡಬ್ಬಿಗೆ ಮಾತ್ರ ಹಲ್ಲಕ್ಕ ಹನ್ನೊಂದು ವರ್ಷದಲ್ಲಿ ಒಂದೂ ದಾರ ಸುತ್ತಲಿಲ್ಲ. ರೋಗಿಯ ಹಳೆಯ ಸೆಟ್ಟು ನೋಡಿಯೋ, ದವಡೆಯ ಸವೆತ ನೋಡಿಯೋ ತಾನೇ ಕಚ್ಚು ತಿದ್ದಿ ಕಟ್ಟುತ್ತಿದ್ದಳು. ಪ್ರೀತಿಯಿಂದಲ್ಲ. ಕಲಿಯಲು ಬಿಡಬಾರದೆಂದು. ಸೀಟು ನಿನ್ನದು, ಕೆಲಸ ನನ್ನದು ಎಂದು ಮನಸ್ಸಿನಲ್ಲೇ ಹೇಳಿಕೊಂಡರೆ ಆ ದಿನದ ಊಟ ರುಚಿಸುತ್ತಿತ್ತು.

ಹೀಗೇ ನಡೆದುಹೋಗುತ್ತಿತ್ತೇನೋ. ಒಂದು ಬೆಳಿಗ್ಗೆ ಚಿಕ್ಕಮ್ಮನ ಫೋನು ಬಂತು. ಗುಬ್ಬಿಯನ್ನು ಅದೇ ದೊಡ್ಡ ಕಾಲೇಜಿನವರು ವಾರಕ್ಕೊಂದು ದಿನ ಪಾಠ ಮಾಡಲು ಕರೆದಿದ್ದಾರಂತೆ, ಅದೂ ಸೆಟ್ ಕಟ್ಟಿಸುವ ವಿಷಯವನ್ನೇ. ಅವಳ ಒಂದು ಡಬ್ಬಿಯೂ ಕೆಂಪು ದಾರ ಸುತ್ತಿಕೊಂಡು ಲ್ಯಾಬಿನಿಂದ ವಾಪಸಾಗಿಲ್ಲ ಎಂಬುದು ಊರಿಗೆಲ್ಲ ಗೊತ್ತಂತೆ. ಮಗಳು ಕಾಲೇಜಿನ ಮುಂದಿನ ಗೇಟಿನಲ್ಲಿ ನಿಂತ ಫೋಟೋವನ್ನೂ ಚಿಕ್ಕಮ್ಮ ಕಳಿಸಿದರು. ಹಲ್ಲಕ್ಕ, "ಸಂತೋಷ ಚಿಕ್ಕಮ್ಮಾ," ಎಂದು ಫೋನಿಟ್ಟಳು. ಆ ಸಂತೋಷ ಗಂಟಲಲ್ಲಿ ಸಿಕ್ಕಿದ ಮುಳ್ಳಿನಂತೆ ಮಧ್ಯಾಹ್ನದವರೆಗೂ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಆ ಮಧ್ಯಾಹ್ನವೇ ಗುಬ್ಬಿಯ ಡಬ್ಬಿಯೊಂದು ಬಂತು. ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಮೈಕಿನಲ್ಲಿ ಬಸ್ಸುಗಳ ಹೆಸರು ಹೇಳಿ ನಿವೃತ್ತರಾದ ಹೆಂಗಸೊಬ್ಬರದು. ಜೊತೆಗೆ ಅವರ ಮುರಿದ ಹಳೆಯ ಸೆಟ್ಟೂ ಇತ್ತು. ಮೇಣ ನೋಡಿದ ತಕ್ಷಣ ಕಚ್ಚು ಮುಂದಕ್ಕೆ ಹೋಗಿರುವುದು ಕಂಡಿತು. ಹಲ್ಲಕ್ಕ ಈ ಸಲ ತಿದ್ದಲಿಲ್ಲ, ದಾರವನ್ನೂ ಸುತ್ತಲಿಲ್ಲ. ಮೇಣ ಹೇಳಿದ್ದನ್ನು ಹೇಳಿದಂತೆಯೇ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಮಾಡದೆ ಕಟ್ಟಿದಳು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವಳು ಹಿಂದೆ ಮಾಡಿರಲಿಲ್ಲ. ನಡುವೆ ಮೇಣದಲ್ಲೇ ಹಲ್ಲು ಕೂರಿಸಿ ಬಾಯಲ್ಲಿಟ್ಟು ನೋಡುವ ಹಂತವೊಂದಿದೆ. ಆಗಲೂ ಆ ಹೆಂಗಸು ಗದ್ದ ಚಾಚಿಯೇ ಕಚ್ಚಿದ್ದರಿಂದ ಗುಬ್ಬಿಗೆ ಎಲ್ಲ ಸರಿಯಾಗಿಯೇ ಕಂಡಿತು. ಸೆಟ್ಟು ತಯಾರಾಗಿ ಹೋಯಿತು.

ಹತ್ತು ದಿನ ಕಳೆದು ಗುಬ್ಬಿಯೇ ಲ್ಯಾಬಿಗೆ ಬಂದಳು, ಆ ಹೆಂಗಸನ್ನು ಕೈಹಿಡಿದು ಕರೆದುಕೊಂಡು. ಆಕೆ ಹಲ್ಲನ್ನು ಕರ್ಚೀಫಿನಲ್ಲಿ ಸುತ್ತಿ ತಂದಿದ್ದರು. ಹಾಕಿಕೊಂಡರೆ ಅಗಿಯಲಾಗುವುದಿಲ್ಲ, ಮಾತಾಡಿದರೆ ಸೀಟಿ ಹೊಡೆದಂತಾಗುತ್ತದೆ, ಮೊಮ್ಮಕ್ಕಳು ನಗುತ್ತಾರೆ. ಹತ್ತು ದಿನದಿಂದ ಹಾಲಿನಲ್ಲಿ ನೆನೆಸಿದ ಬ್ರೆಡ್ಡೇ ಊಟ. ಆಕೆ ದೂರಲಿಲ್ಲ. ತಮ್ಮ ಬಾಯಿಯೇ ಸರಿಯಿಲ್ಲವೇನೋ ಎಂದು ನಾಚಿಕೊಂಡು ಹೇಳಿದರು. ಹಲ್ಲಕ್ಕನಿಗೆ ಅವರ ಮುಖ ನೋಡಲಾಗಲಿಲ್ಲ. ಡಬ್ಬಿಯ ಮೇಲೆ ಒಂದು ನಂಬರಿತ್ತೇ ಹೊರತು ಇಂಥದ್ದೊಂದು ಮುಖ ಇರಲಿಲ್ಲ.

"ಚುಚ್ಚೋ ಕಡೆ ಮೂರು ಸಲ ಉಜ್ಜಿ ಸರಿ ಮಾಡಿ ಕೊಟ್ಟೆ ಅಕ್ಕಾ. ಎಲ್ಲಿ ತಪ್ಪಿದೀನಿ ಅಂತ್ಲೇ ಗೊತ್ತಾಗ್ತಿಲ್ಲ," ಎಂದಳು ಗುಬ್ಬಿ.

ಹಲ್ಲಕ್ಕ ಹನ್ನೊಂದು ವರ್ಷ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಕೊನೆಗೂ ಆಡಿದಳು. "ಕಚ್ಚು ತಪ್ಪು ತಗೊಂಡಿದೀಯ." ಹಳೆಯ ಸೆಟ್ಟನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು, ಎಷ್ಟು ಮುಂದೆ ಹೋಗಿದೆ ಎಂದು ಮೇಣ ಕೆರೆಯುವ ಚಾಕುವಿನ ತುದಿಯಿಂದ ತೋರಿಸಿದಳು. ರೋಗಿಯ ಎದುರೇ ತೋರಿಸಿದಳು. ಗುಬ್ಬಿಯ ಮುಖ ಕಪ್ಪಿಡುತ್ತದೆಂದು ಕಾದಳು. ಗುಬ್ಬಿ ಬಗ್ಗಿ ನೋಡಿ, ಹೌದಲ್ಲ ಎಂದು ತಲೆಯಾಡಿಸಿ, ಚೀಲದಿಂದ ಗ್ಲೌಸು ತೆಗೆದು ಅಕ್ಕನ ಕೈಗಿತ್ತಳು.

"ನೀನೇ ತಗೋ. ನಿನ್ನ ಕಣ್ಣಿಗೆ ಕಾಣ್ಸುತ್ತೆ, ನಂಗೆ ಕಾಣ್ಸಲ್ಲ."

ಹಲ್ಲಕ್ಕ ಗ್ಲೌಸು ಹಾಕಿಕೊಂಡಳು. ಜೀವಂತ ಬಾಯಿಯೊಳಗೆ ಅವಳು ಒಂದು ದಿನವೂ ಬೆರಳಿಟ್ಟವಳಲ್ಲ. ಕೊನೆಗೂ ಬಂತು ನನ್ನ ಸರದಿ ಎಂದುಕೊಂಡಳು. ಆಕೆಯನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಮೇಣವನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಬಾಯಿ ತೆರೆಯಿರಿ ಎಂದಳು. ಒಳಗೆ ಬಿಸಿ, ಒದ್ದೆ. ನಾಲಿಗೆ ಹಾವಿನ ಹಾಗೆ ಎದ್ದು ಅವಳ ಬೆರಳನ್ನು ಆಚೆ ನೂಕಿತು. ಆಕೆಗೆ ಓಕರಿಕೆ ಬಂದು ಕಣ್ಣಲ್ಲಿ ನೀರು ತುಂಬಿತು. ಮೇಣ ನೆಲಕ್ಕೆ ಬಿತ್ತು. ಎರಡನೆಯ ಸಲ ಗದ್ದ ಹಿಡಿದು, "ಹಿಂದಕ್ಕೆ, ಹಿಂದಕ್ಕೆ," ಎಂದಳು, ಲಾರಿಯವರಿಗೆ ಹೇಳುವ ಹಾಗೆ. ಆಕೆ ಇನ್ನಷ್ಟು ಬಿಗಿದುಕೊಂಡರು. ಮೂರನೆಯ ಸಲ ಮೇಣ ಸೊಟ್ಟಗೆ ಕೂತಿತು. ಆ ಹೆಂಗಸು ಕಣ್ಣಿನಲ್ಲೇ ಗುಬ್ಬಿಯನ್ನು ಕರೆದರು.

ಗುಬ್ಬಿ ತಾನೂ ಗ್ಲೌಸು ಹಾಕಿಕೊಂಡು, ಸ್ಟೂಲು ಎಳೆದುಕೊಂಡು ಕೂತಳು. ಅವಸರ ಮಾಡಲಿಲ್ಲ. ಒಂದು ಕೈ ಭುಜದ ಮೇಲಿಟ್ಟು, ಬೆಳಗ್ಗಿನ ಮೊದಲ ಬಸ್ಸು ಎಷ್ಟು ಗಂಟೆಗಿತ್ತು, ಅದು ತಡವಾದರೆ ಜನಕ್ಕೆ ಏನು ಹೇಳುತ್ತಿದ್ದಿರಿ ಎಂದು ಕೇಳಿದಳು. ಆಕೆ ಹೇಳುತ್ತಾ ಹೇಳುತ್ತಾ ನಕ್ಕರು. ಬಿಗಿದಿದ್ದ ಕತ್ತು ಸಡಿಲಿತು. ಯಾವಾಗ ಗುಬ್ಬಿಯ ಬೆರಳು ಮೇಣದ ಸಮೇತ ಒಳಗೆ ಹೋಯಿತೋ ಆಕೆಗೇ ತಿಳಿಯಲಿಲ್ಲ. "ನಾಲಿಗೆ ತುದೀನ ಮೇಲಕ್ಕೆತ್ತಿ, ಹಿಂದಕ್ಕೆ ಇಡಿ ಅಮ್ಮಾ. ಹಾಗೇ ಮೆಲ್ಲಗೆ ಕಚ್ಚಿ," ಎಂದಳು. ಗದ್ದದ ಮೇಲೆ ಹೆಬ್ಬೆರಳು ಇತ್ತೋ ಇಲ್ಲವೋ ಎನ್ನುವಷ್ಟು ಹಗುರಾಗಿತ್ತು. ದವಡೆ ಹಿಂದಕ್ಕೆ ಸರಿಯಿತು. ಗುಬ್ಬಿ ತಿರುಗಿ ಅಕ್ಕನನ್ನು ನೋಡಿದಳು. ಇನ್ನೊಂದು ಚೂರು ಎಂದಳು ಹಲ್ಲಕ್ಕ. ದವಡೆ ಇನ್ನೊಂದು ಚೂರು ಸರಿಯಿತು. ಸಾಕು, ಅಷ್ಟೇ ಎಂದಳು. ಕಚ್ಚು ಸರಿಯಾಗಿ ಕೂತಿತು.

ಆಕೆ ಬಾಯಿ ಮುಕ್ಕಳಿಸಲು ಹೊರಗೆ ಹೋದರು. ಹಲ್ಲಕ್ಕನಿಗೆ ಇನ್ನು ತಡೆಯಲಾಗಲಿಲ್ಲ.

"ಈ ಮೇಣ ತಪ್ಪಿದೆ ಅಂತ ನಂಗೆ ಮೊದಲೇ ಗೊತ್ತಿತ್ತು. ಬೇಕಂತ್ಲೇ ಬಿಟ್ಟೆ. ಹಿಂದಿನವನ್ನೂ ನಾನೇ ತಿದ್ದಿ ತಿದ್ದಿ ಕಳಿಸ್ತಿದ್ದೆ. ನಿಂಗೆ ಗೊತ್ತಾಗಬಾರದು ಅಂತ."

ಗುಬ್ಬಿ ಗ್ಲೌಸು ಬಿಚ್ಚುತ್ತಿದ್ದವಳು ಹಾಗೇ ನಿಂತಳು. ಎಷ್ಟು ಡಬ್ಬಿ ಎಂದು ಕೇಳಿದಳು. ಅರ್ಧಕ್ಕರ್ಧ ಎಂದಳು ಹಲ್ಲಕ್ಕ. ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು, ಬಂದಿದ್ದರೆ ಒಳ್ಳೆಯದೇ ಆಗುತ್ತಿತ್ತು. ಗುಬ್ಬಿ ಬೈಯಲಿಲ್ಲ.

"ನಂಗೆ ಕೆಲಸ ಬರುತ್ತೆ ಅಂತ ಅಂದ್ಕೊಂಡಿದ್ದೆ ಅಕ್ಕಾ. ಇಷ್ಟು ವರ್ಷ." ಗ್ಲೌಸನ್ನು ಬಿಚ್ಚಿ ಮೇಜಿನ ಮೇಲಿಟ್ಟು ಕೇಳಿದಳು, "ಬರೋ ವಾರ ಆ ಕಾಲೇಜಿನ ಮಕ್ಕಳಿಗೆ ಏನು ಅಂತ ಹೇಳ್ಕೊಡ್ಲಿ?"

ಇದನ್ನು ಕೇಳಬೇಕೆಂದೇ ಹಲ್ಲಕ್ಕ ಆ ಪಟ್ಟಿ ಹಾಕಿದ ದಿನದಿಂದ ಹದಿನೆಂಟು ವರ್ಷ ಬದುಕಿದ್ದಳು ಎಂದರೂ ನಡೆದೀತು. ಗುಬ್ಬಿ ಸೋಲಬೇಕು, ಸೋತೆ ಎಂದು ತನ್ನೆದುರೇ ಹೇಳಬೇಕು. ಈಗ ಹೇಳಿಬಿಟ್ಟಿದ್ದಾಳೆ. ಆದರೆ ಹಲ್ಲಕ್ಕನ ಕಣ್ಣಿನಲ್ಲಿ ಕಟ್ಟಿಕೊಂಡಿದ್ದುದು ಗದ್ದದ ಮೇಲಿನ ಗುಬ್ಬಿಯ ಆ ಹಗುರ ಹೆಬ್ಬೆರಳು. ತನ್ನ ಕೈಗೆ ಹೆದರಿದ ಬಾಯಿ ಆ ಕೈಗೆ ತಾನಾಗಿ ತೆರೆದುಕೊಂಡಿತ್ತು. ಸೀಟಿನ ಮೇಲಿನ ಹೊಟ್ಟೆಕಿಚ್ಚು ಇದರ ಮುಂದೆ ಏನೂ ಅಲ್ಲ. ಅದು ಒಂದು ಅಂಕದಲ್ಲಿ ತಪ್ಪಿದ್ದು, ಯಾರನ್ನಾದರೂ ದೂರಬಹುದಿತ್ತು. ಇದಕ್ಕೆ ಯಾರನ್ನು ದೂರುವುದು?

"ಬಾಯಿ ತೆರೆಸೋದು ಹೇಗೆ ಅಂತ ಹೇಳ್ಕೊಡು," ಎಂದಳು. "ಅದು ನಂಗೆ ಬರಲ್ಲ. ಆ ಸೀಟು ಸಿಕ್ಕಿದ್ರೂ ಬರ್ತಿರ್ಲಿಲ್ಲ."

ಹೇಳುವಾಗಲೂ ಅವಳ ಹೊಟ್ಟೆ ಉರಿಯುತ್ತಲೇ ಇತ್ತು.